ಕಾಲು ಉಳುಕಿದರೆ ಐಸಾ, ಶಾಖವಾ?

ಪ್ರಶ್ನೆ: ಮಳೆಯಲ್ಲಿ ತೋಟಕ್ಕೆ ಹೋಗುವಾಗ ಪಾಚಿ ಕಟ್ಟಿದ ಸಂಕದ ಮೇಲೆ ಜಾರಿ ಬಲಗಾಲಿನ ಹರಡು ಉಳುಕಿತು. ಊದಿಕೊಂಡಿದೆ. ಅಮ್ಮ ಎಣ್ಣೆ ತಿಕ್ಕಿ ಬಿಸಿನೀರು ಹಾಕು ಅಂತಾರೆ, ಮಗ ಐಸ್ ಇಡು ಅಂತಾನೆ. ಅಡಿಕೆ ಕೊಯ್ಲು ಬೇರೆ ಹತ್ತಿರ ಬಂತು.
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಎದ್ದು ನಿಂತು ನೋಡಿ. ನಾಲ್ಕು ಹೆಜ್ಜೆ ಇಡಲು ಆಗುತ್ತದಾ? ಹರಡಿನ ಗಂಟಿನ ಹಿಂಬದಿಯ ಮೂಳೆ ಒತ್ತಿದರೆ ಪ್ರಾಣ ಹೋಗುವಷ್ಟು ನೋವಾ? ಹೆಜ್ಜೆ ಇಡಲಾಗದಿದ್ದರೆ ಅಥವಾ ಮೂಳೆ ನೋಯುತ್ತಿದ್ದರೆ ಇವತ್ತೇ ಎಕ್ಸ್‌ರೇ ಮಾಡಿಸಿ.

ಇಲ್ಲದಿದ್ದರೆ ಮೊದಲ ಎರಡು ದಿನ ಮಗನ ಮಾತು ಕೇಳಿ. ಬಟ್ಟೆಯಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ 15 ನಿಮಿಷ ಸಾಕು. ಅದು ನೋವಿಗೆ ಅಷ್ಟೇ. ಹೊಸ ಊತಕ್ಕೆ ಬಿಸಿನೀರು, ತಿಕ್ಕುವುದು ಎರಡೂ ಬೇಡ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಬೆರಳು ಜೋಮು ಹಿಡಿದರೆ ಸಡಿಲ ಮಾಡಿ.

ಹಾಗಂತ ಮಂಚ ಹಿಡಿಯಬೇಡಿ. ವಿಶ್ರಾಂತಿ, ಐಸ್, ಪಟ್ಟಿ, ಕಾಲು ಎತ್ತರದಲ್ಲಿಡುವುದು ಎಂಬ ಸೂತ್ರವನ್ನು 1978ರಲ್ಲಿ ಹೇಳಿದ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ವಿಶ್ರಾಂತಿಯಿಂದ ಗಾಯ ಮಾಯುವುದು ತಡವಾಗಬಹುದು ಅಂತ ಆಮೇಲೆ ಮಾತು ಬದಲಿಸಿದರು. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ನೋವು ತಗ್ಗಿದ ಮೇಲೆ ಅಡುಗೆಮನೆ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲಿ. ಸುಮ್ನೆ ಕಾಣುತ್ತದೆ, ಆದರೆ ಮತ್ತೆ ಉಳುಕದಂತೆ ಕಾಯುವುದು ಇದೇ.

ಫಿಸಿಯೋಥೆರಪಿಯಲ್ಲಿ ನೋವಿನ ಜಾಗಕ್ಕೆ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರದಿಂದ (ಸ್ಕ್ಯಾನ್ ಅಲ್ಲ) ಹರಡಿನ ಉಳುಕಿಗೆ ಹೆಚ್ಚು ಲಾಭ ಕಂಡಿಲ್ಲ. ನಾನೂ ಒಮ್ಮೆ ಹತ್ತು ಸಿಟ್ಟಿಂಗ್‌ಗೆ ದುಡ್ಡು ಸುರಿದವನೇ! ಕೊಯ್ಲಿಗೆ ಈ ಸಲ ಬೇರೆಯವರನ್ನು ಕರೆಯಿರಿ, ನೀವು ಅಂಗಳದಲ್ಲಿ ಕೂತು ಅಡಿಕೆ ಸುಲಿಯಿರಿ.