ರಜೆಯ ಬದಲಿಗೆ ಒಂದು ಮಾತ್ರೆ

ಓದುಗರ ಪತ್ರ: "ನೋವಿನ ಮಾತ್ರೆಗಳ ಬಗ್ಗೆ ಬರೆದು ಸುಮ್ನೆ ಹೆದರಿಸಿದ್ದೀರಿ. ಎರಡು ವರ್ಷದಿಂದ ಹೆಚ್ಚುಕಡಿಮೆ ದಿನಾ ತಲೆನೋವಿಗೆ ಮಾತ್ರೆ ನುಂಗುತ್ತಿದ್ದೇನೆ. ಡಾಕ್ಟರ ಚೀಟಿ ಇಲ್ಲದೆ ಸಿಗುವ ಮಾತ್ರೆಯಿಂದ ಏನಾದೀತು? ಅದಿಲ್ಲದೆ ನನ್ನ ಕೆಲಸವೇ ನಡೆಯುವುದಿಲ್ಲ."

ಸಂಪಾದಕರ ಉತ್ತರ: ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ, ಸಂತೋಷ. ಹಲ್ಲುನೋವಿನ ರಾತ್ರಿ, ಆಪರೇಷನ್ ಆದ ಮಾರನೇ ದಿನ ಈ ಮಾತ್ರೆಗಳಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ. ಒಪ್ಪುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ 'ದಿನಾ' ಎಂಬ ಮಾತಿದೆ. ನನ್ನ ಕಣ್ಣು ಅಲ್ಲೇ ನಿಂತಿತು.

ತಲೆನೋವಿನವರು ಪ್ಯಾರಸಿಟಮಾಲ್, ಐಬುಪ್ರೊಫೇನ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳು ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಹುದು. ಹಲವು ಔಷಧ ಬೆರೆಸಿದ ಮಾತ್ರೆಯಾದರೆ 10 ದಿನವೇ ಸಾಕು. ಏಳುವಾಗಲೇ ತಲೆ ಭಾರ, ಮಾತ್ರೆ ಬಿದ್ದರೆ ಸ್ವಲ್ಪ ಹೊತ್ತು ಆರಾಮ, ಆಮೇಲೆ ಮತ್ತೆ ನೋವು. ನಿಮ್ಮದೂ ಹೀಗೇ ಅಲ್ವಾ?

ಚೀಟಿ ಇಲ್ಲದೆ ಸಿಗುತ್ತದೆ ಎಂಬ ಮಾತನ್ನು ನನ್ನ ಸೋದರತ್ತೆಯೂ ಹೇಳುತ್ತಿದ್ದರು. ಮಂಡಿನೋವಿಗೆ ವರ್ಷಗಟ್ಟಲೆ ಮಾತ್ರೆ. ಮಲ ಕಪ್ಪಗಾದದ್ದನ್ನು ಯಾರಿಗೂ ಹೇಳಲಿಲ್ಲ. ಒಂದು ದಿನ ತಲೆ ಸುತ್ತಿ ಬಿದ್ದಾಗಲೇ ಗೊತ್ತಾಗಿದ್ದು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಇದು ಯಾಕೆ ಹೀಗೆ ಎಂದು ಜಾನ್ ವೇನ್ ಎಂಬ ವಿಜ್ಞಾನಿ 1971ರಲ್ಲಿ ತೋರಿಸಿದರು. 1982ರಲ್ಲಿ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಆಸ್ಪಿರಿನ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹುಟ್ಟದಂತೆ ತಡೆಯುತ್ತವೆ. ನೋವು ಹೆಚ್ಚಿಸುವುದೂ ಅದೇ, ಹೊಟ್ಟೆಯ ಒಳಪದರ ಕಾಯುವುದೂ ಅದೇ, ಕಿಡ್ನಿಗೆ ರಕ್ತ ಸರಾಗವಾಗಿ ಹರಿಯಲು ನೆರವಾಗುವುದೂ ಅದೇ. ಇಂಜೆಕ್ಷನ್ ಆದರೆ ಹೊಟ್ಟೆಗೆ ತೊಂದರೆಯಿಲ್ಲ ಎನ್ನುವವರಿದ್ದಾರೆ. ತಪ್ಪು. ಔಷಧ ರಕ್ತದ ಮೂಲಕವೂ ಅದೇ ಕೆಲಸ ಮಾಡುತ್ತದೆ.

ಪ್ಯಾರಸಿಟಮಾಲ್ ಹೊಟ್ಟೆಗೆ ಮೆತ್ತಗೆ, ನಿಜ. ಅದರ ಪೆಟ್ಟು ಲಿವರ್‌ಗೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಯೊಳಗೂ ಅದೇ ಇರುತ್ತದೆ, ಎರಡನ್ನೂ ನುಂಗಿದವರಿಗೆ ಲೆಕ್ಕ ತಪ್ಪುತ್ತದೆ.

ನನಗೆ ಇವೆಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ನಿಮ್ಮ ಕೊನೆಯ ಸಾಲಿನಿಂದ. ಸ್ವೀಡನ್‌ನಲ್ಲಿ ಹುಸ್ಕ್‌ವಾರ್ನಾ ಎಂಬ ಕಾರ್ಖಾನೆಯ ಊರಿದೆ. 1918ರ ಫ್ಲೂ ಕಾಲದಲ್ಲಿ ಅಲ್ಲಿನ ವೈದ್ಯರೊಬ್ಬರ ಪುಡಿ ಮನೆಮಾತಾಯಿತು. ಅದರಲ್ಲಿ ಫಿನಾಸೆಟಿನ್ ಎಂಬ ನೋವಿನ ಔಷಧವೂ ಕೆಫೀನೂ ಇದ್ದವು. ಫ್ಲೂ ಹೋಯಿತು, ಪುಡಿ ಉಳಿಯಿತು. ಕೆಲಸ ಚುರುಕಾಗುತ್ತದೆಂದು ಕಾರ್ಮಿಕರು ದಿನಾ ತೆಗೆದುಕೊಂಡರು. ವರ್ಷಗಳ ನಂತರ ಎಷ್ಟೋ ಜನ ಕಿಡ್ನಿ ಹಾಳಾಗಿ ಸತ್ತರು. ಫಿನಾಸೆಟಿನ್ ಆಮೇಲೆ ಹಲವು ದೇಶಗಳಲ್ಲಿ ಮಾರುಕಟ್ಟೆಯಿಂದ ಹೋಯಿತು, ಅಮೆರಿಕದಲ್ಲಿ 1983ರಲ್ಲಿ.

ಆ ಔಷಧ ಹೋಯಿತು, ಆ ಅವಸರ ಹೋಯಿತೇ? ತಲೆ ಸಿಡಿಯುತ್ತಿದೆ ಎಂದು ಒಂದು ದಿನ ರಜೆ ಕೇಳಿ ನೋಡಿ. "ಮಾತ್ರೆ ತಗೊಂಡು ಬನ್ನಿ" ಅನ್ನುತ್ತಾರೆ. ಜಾಹೀರಾತಿನಲ್ಲೂ ಹಾಗೇ. ಹಣೆ ಹಿಡಿದುಕೊಂಡವರು ಮರುಕ್ಷಣ ಎದ್ದು ಕೆಲಸಕ್ಕೆ ಓಡುತ್ತಾರೆ. ಮಲಗಿ ಸುಧಾರಿಸಿಕೊಂಡವರನ್ನು ಯಾರೂ ತೋರಿಸುವುದಿಲ್ಲ. ನಿದ್ದೆಗೆಟ್ಟ ಮೈಗೆ, ದಣಿದ ಕುತ್ತಿಗೆಗೆ ಬೇಕಾದದ್ದು ಬಿಡುವು. ಅದನ್ನು ಕೊಡಲು ಮನಸ್ಸಿಲ್ಲದವರು ನಿಮ್ಮ ಕೈಗೆ ಮಾತ್ರೆ ಇಟ್ಟಿದ್ದಾರೆ. ನೀವು ಅದನ್ನೇ ನಿಮ್ಮ ಆಯ್ಕೆ ಅಂದುಕೊಂಡಿದ್ದೀರಿ.

ಇವತ್ತಿನಿಂದ ಮಾತ್ರೆ ನುಂಗಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ಹಾಳೆಯನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬಿಡಿ. ಬಿಟ್ಟ ಮೊದಲ ಕೆಲವು ದಿನ ತಲೆನೋವು ಏರಬಹುದು. ಆ ದಿನಗಳಿಗೆ ರಜೆ ಕೇಳಿ. ಕೊಡದಿದ್ದರೆ ನನಗೆ ಬರೆಯಿರಿ, ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.