ಮನೆ ಕಟ್ಟಿಕೊಡಲು ಹೊರಟವರ ಪ್ರಶ್ನೆಗಳು

ಊರವರೇ ಕೈಜೋಡಿಸಿ ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಡುವ ವಿಷಯವಾಗಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಡಲಾಗಿದೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಬಡಾವಣೆಯ ಕೆಲವು ನಿವೃತ್ತರು ಮತ್ತು ಯುವಕರು ಸೇರಿ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಒಬ್ಬ ವಿಧವೆಗೆ ಮನೆ ಕಟ್ಟಿಕೊಡಬೇಕೆಂದಿದ್ದೇವೆ. ಆಕೆ ಇಬ್ಬರು ಮಕ್ಕಳೊಂದಿಗೆ ತಗಡಿನ ಶೆಡ್ಡಿನಲ್ಲಿದ್ದಾರೆ. ಕೂಲಿ ಕೆಲಸವನ್ನೆಲ್ಲ ನಾವೇ ಮಾಡಿದರೆ ಖರ್ಚು ಅರ್ಧಕ್ಕೆ ಇಳಿಯಬಹುದೆಂದು ಅಂದಾಜು ಮಾಡಿದ್ದೇವೆ. ಇದು ಸರಿಯೇ? (ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಅರ್ಧಕ್ಕೆ ಇಳಿಯುವುದಿಲ್ಲ. ನಮ್ಮ ಕಡೆ ಕಟ್ಟುವ ಸಣ್ಣ ಮನೆಯ ವೆಚ್ಚದಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಭಾಗ ಸಿಮೆಂಟು, ಕಬ್ಬಿಣ, ಇಟ್ಟಿಗೆ, ಜಲ್ಲಿ, ಎಂ-ಸ್ಯಾಂಡ್, ಬಾಗಿಲು-ಕಿಟಕಿಗಳಿಗೇ ಹೋಗುತ್ತದೆ. ಉಳಿದ ಕೂಲಿಯಲ್ಲಿಯೂ ದೊಡ್ಡ ಪಾಲು ಗಾರೆ ಮೇಸ್ತ್ರಿ, ಕಬ್ಬಿಣ ಕಟ್ಟುವವರು, ಕಾಂಕ್ರೀಟಿಗೆ ಹಲಗೆ-ಆಸರೆ ಕಟ್ಟುವ ಸೆಂಟ್ರಿಂಗ್‌ನವರು, ವೈರಿಂಗ್ ಮತ್ತು ನಲ್ಲಿ ಕೆಲಸದವರಿಗೆ ಸೇರಿದ್ದು. ಆ ಕೆಲಸಗಳನ್ನು ಭಾನುವಾರದ ಉತ್ಸಾಹದಲ್ಲಿ ಕಲಿಯಲಾಗದು, ಬಡವರ ಮನೆಯ ಮೇಲೆ ಕಲಿಯಲೂಬಾರದು. ಮಣ್ಣು ಹೊರುವ, ಇಟ್ಟಿಗೆ ಎತ್ತಿಕೊಡುವ, ನೀರು ಹಾಯಿಸುವ ಕೆಲಸಗಳನ್ನು ನೀವು ಪೂರ್ತಿ ವಹಿಸಿಕೊಂಡರೂ ಉಳಿಯುವುದು ಒಟ್ಟು ವೆಚ್ಚದ ಹತ್ತರಲ್ಲೊಂದು ಭಾಗದ ಆಸುಪಾಸು ಎಂದು ಹಿಡಿದು ಯೋಜನೆ ಹಾಕಿಕೊಳ್ಳಿ.

ಹಾಗೆಂದು ಸ್ವಯಂಸೇವಕರಿಂದ ಪ್ರಯೋಜನ ಕಡಿಮೆ ಎಂದು ಭಾವಿಸಬೇಡಿ. ಬಡವರ ಮನೆಯ ಹಣ ಸೋರಿಹೋಗುವುದು ಕೂಲಿಗಿಂತ ಹೆಚ್ಚಾಗಿ ಬೇರೆ ಜಾಗಗಳಲ್ಲಿ. ನಿವೇಶನದ ದಾಖಲೆ ಸರಿಯಿಲ್ಲದೆ ತಿಂಗಳುಗಟ್ಟಲೆ ಅಲೆಯುವುದು, ಸಾಮಗ್ರಿಯನ್ನು ಚೂರುಪಾರು ಸಾಲದಲ್ಲಿ ಹೆಚ್ಚು ಬೆಲೆಗೆ ತರುವುದು, ತಂದ ಸಿಮೆಂಟು ಮಳೆಗೆ ಸಿಕ್ಕಿ ಗಟ್ಟಿಯಾಗುವುದು, ಮೇಸ್ತ್ರಿ ಮುಂಗಡ ಪಡೆದು ಬೇರೆ ಕೆಲಸಕ್ಕೆ ಹೋಗಿಬಿಡುವುದು, ಇವೆಲ್ಲವೂ ಕೂಡಿ ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಿನ ತೊಲೆ) ಮಟ್ಟದಲ್ಲಿ ಮನೆ ನಿಂತುಬಿಡುತ್ತದೆ. ಭಟ್ಟಿಯ ಕೆಲಸ ಬಿಟ್ಟು ಪಾಲಿಕೆಗೆ ಹೋಗಿ ಸಾಲಿನಲ್ಲಿ ನಿಲ್ಲಲು ಆ ತಾಯಿಗೆ ಆಗುವುದಿಲ್ಲ. ನಿವೃತ್ತರಾದ ನಿಮಗೆ ಆಗುತ್ತದೆ. ಹಕ್ಕುಪತ್ರ, ಇ-ಆಸ್ತಿ ಖಾತೆ, ಕಟ್ಟಡ ಪರವಾನಗಿ ಮೂರೂ ಆಕೆಯ ಹೆಸರಿನಲ್ಲಿ ಸರಿಯಾಗಿವೆಯೇ ಎಂದು ನೋಡುವುದು ನಿಮ್ಮ ತಂಡದ ಮೊದಲ ಕೆಲಸವಾಗಲಿ. ಜಾಗ ಮೈದುನನ ಹೆಸರಿನಲ್ಲಿಯೋ ಮಾವನ ಹೆಸರಿನಲ್ಲಿಯೋ ಇದ್ದರೆ, ಅದು ಇತ್ಯರ್ಥವಾಗುವವರೆಗೆ ಒಂದು ಕಲ್ಲನ್ನೂ ಇಡಬೇಡಿ. ನೀವು ಕಟ್ಟಿದ ಮನೆಯಿಂದಲೇ ಆಕೆ ಹೊರಬೀಳುವ ಪರಿಸ್ಥಿತಿ ಬರಬಾರದು.

ಸ್ವಯಂಸೇವಕರಿಂದ ಮನೆ ಕಟ್ಟಿಸುವುದರಲ್ಲಿ ಹೆಸರಾದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆ 1976ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಆರಂಭವಾಯಿತು. ಭಾರತದಲ್ಲಿ ಅದರ ಕೆಲಸ 1983ರಲ್ಲಿ ಈಗಿನ ತೆಲಂಗಾಣದ ಖಮ್ಮಂನಲ್ಲಿ ಮೊದಲಾಯಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು 2006ರಲ್ಲಿ ಮಹಾರಾಷ್ಟ್ರದ ಲೋಣಾವಳದ ಹತ್ತಿರದ ಮಳವಲಿಗೆ ಬಂದು ಸಾವಿರಾರು ಸ್ವಯಂಸೇವಕರೊಂದಿಗೆ ಇಟ್ಟಿಗೆ ಹೊತ್ತದ್ದು ಅನೇಕರಿಗೆ ನೆನಪಿರಬಹುದು. ಆ ಸಂಸ್ಥೆಯ ಪದ್ಧತಿಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮನೆ ಪಡೆಯುವ ಕುಟುಂಬವೂ ಮೈಮುರಿದು ದುಡಿಯಬೇಕು. ಮನೆಯ ಬೆಲೆಯನ್ನು ಲಾಭವಿಲ್ಲದ ಕಂತುಗಳಲ್ಲಿ ಹಿಂತಿರುಗಿಸಬೇಕು, ಆ ಕಂತಿನ ಹಣ ಮುಂದಿನ ಕುಟುಂಬದ ಮನೆಗೆ ಹೋಗುತ್ತದೆ. ನಮ್ಮ ರೈತರ ಮುಯ್ಯಾಳು ಪದ್ಧತಿಯೂ ಈ ನ್ಯಾಯದ ಮೇಲೆಯೇ ನಿಂತಿದೆ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆದ್ದರಿಂದ ಆ ತಾಯಿಯನ್ನೂ ಕೆಲಸದಲ್ಲಿ ಸೇರಿಸಿಕೊಳ್ಳಿ, ಆದರೆ ಭಟ್ಟಿಗೆ ಹೋಗದ ದಿನ ಆಕೆಯ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂಬುದನ್ನು ಮರೆಯದೆ, ಅಂದಿನ ಕೂಲಿಯನ್ನು ನಿಮ್ಮ ನಿಧಿಯಿಂದಲೇ ಕೊಡಿ. ಕಂತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ದಿನಗೂಲಿಯಲ್ಲಿ ಮಕ್ಕಳನ್ನು ಸಾಕುತ್ತಿರುವ ಒಂಟಿ ಹೆಂಗಸಿನಿಂದ ಕಂತು ಕೇಳಬೇಡಿ, ಮುಂದಿನ ಮನೆಯ ಕೆಲಸಕ್ಕೆ ಆಕೆಯ ಮನೆಯಿಂದ ಕೆಲವು ದಿನದ ಆಳು ಬಂದರೆ ಸಾಕು.

ಪ್ರಶ್ನೆ: ನಮ್ಮೂರು ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿದೆ, ಪೂರ್ತಿ ಎರೆ ಮಣ್ಣು. ಕೆಲವು ವರ್ಷಗಳ ಹಿಂದೆ ದಾನಿಗಳು ಕಟ್ಟಿಸಿಕೊಟ್ಟ ಮನೆಗಳ ಗೋಡೆಗಳಲ್ಲಿ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿದೆ. ಈಗ ನಮ್ಮ ಯುವಕ ಸಂಘದಿಂದ ನಾಲ್ಕು ಮನೆ ಕಟ್ಟುವ ಯೋಚನೆಯಿದೆ. ಪಾಯಕ್ಕೆ ಕಡಿಮೆ ಖರ್ಚಿನ ದಾರಿ ಇದೆಯೇ? (ಯುವಕ ಸಂಘದ ಕಾರ್ಯದರ್ಶಿ, ದಾವಣಗೆರೆ ತಾಲ್ಲೂಕು)

ಉತ್ತರ: ಎರೆ ಭೂಮಿಯಲ್ಲಿ ಪಾಯದ ಖರ್ಚನ್ನು ಕಡಿಮೆ ಮಾಡಬೇಡಿ; ಉಳಿತಾಯವನ್ನು ಪಾಯದ ಮೇಲಿನ ಕೆಲಸದಲ್ಲಿ ಹುಡುಕಿ. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೆಚ್ಚಾಗಿರುವುದರಿಂದ ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ನಿಮ್ಮೂರಿನಲ್ಲಿ ಮಳೆಗಾಲದ ಜೊತೆಗೆ ನಾಲೆಯ ನೀರೂ ಸೇರಿಕೊಳ್ಳುತ್ತದೆ: ಪಕ್ಕದ ಗದ್ದೆಯಲ್ಲಿ ಭತ್ತಕ್ಕೆ ನೀರು ನಿಂತಾಗ ಮನೆಯ ಒಂದು ಬದಿ ಏಳುತ್ತದೆ, ನಾಲೆ ನಿಂತ ಮೇಲೆ ಅದೇ ಬದಿ ಕೂರುತ್ತದೆ. ಹಗುರವಾದ ಸಣ್ಣ ಮನೆಗೆ ಈ ಏರಿಳಿತವನ್ನು ತನ್ನ ಭಾರದಿಂದ ತಡೆಯುವ ಶಕ್ತಿ ಇರುವುದಿಲ್ಲ, ಆದ್ದರಿಂದಲೇ ದೊಡ್ಡ ಕಟ್ಟಡಕ್ಕಿಂತ ಬಡವರ ಮನೆಯೇ ಮೊದಲು ಬಿರುಕು ಬಿಡುತ್ತದೆ.

ಎರೆಯ ಪದರ ತೆಳುವಾಗಿದ್ದರೆ, ಅದನ್ನು ಪೂರ್ತಿ ತೆಗೆದು ಗಟ್ಟಿ ಗರಸು ಸಿಗುವ ತನಕ ಅಗೆದು ಅಲ್ಲಿಂದ ಸೈಜುಗಲ್ಲಿನ ಕಟ್ಟಡವನ್ನು ಎಬ್ಬಿಸುವುದೇ ನೇರವಾದ ದಾರಿ. ಪದರ ಆಳವಾಗಿದ್ದರೆ, ಪಾಯಕ್ಕೆ ತೋಡಿದ ಗುಂಡಿಯ ತಳಕ್ಕೂ ಮನೆಯ ನೆಲದ ಅಡಿಗೂ ಉಬ್ಬದ ಗರಸು ಮಣ್ಣನ್ನು ಅರ್ಧರ್ಧ ಅಡಿಯ ಪದರಗಳಾಗಿ ಹಾಕಿ, ನೀರು ಚಿಮುಕಿಸಿ, ಚೆನ್ನಾಗಿ ದಮ್ಮಸ್ಸು ಮಾಡಬೇಕು. ಇನ್ನೂ ಭದ್ರವಾದದ್ದು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ವಿಧಾನ. ಮಣ್ಣು ಉಬ್ಬಿ ಕುಗ್ಗುವ ಮಟ್ಟಕ್ಕಿಂತ ಕೆಳಗೆ ಆ ಗಡ್ಡೆ ಕಚ್ಚಿಕೊಂಡಿರುತ್ತದೆ. ಒಂದೇ ಮನೆಗೆ ಇದು ದುಬಾರಿಯೆನಿಸಿದರೂ, ನಾಲ್ಕು ಮನೆಗಳಿಗೆ ಒಂದೇ ಸಲ ಕಂಬ ಕೊರೆಸಿದರೆ ಯಂತ್ರ ತರಿಸುವ ವೆಚ್ಚ ಹಂಚಿಹೋಗುತ್ತದೆ. ಯಾವುದೇ ವಿಧಾನವಾದರೂ ಪಾಯದ ಮೇಲೆ ಮನೆಯ ಸುತ್ತ ಬಿಡುವಿಲ್ಲದಂತೆ ಒಂದು ಪ್ಲಿಂತ್ ಬೀಮ್ (ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ) ಇರಲೇಬೇಕು, ಲಿಂಟಲ್ ಪಟ್ಟಿಯೂ ಎಲ್ಲ ಗೋಡೆಗಳ ಮೇಲೆ ಹಾಯಬೇಕು. ಆಯ್ಕೆಯನ್ನು ಗುಂಡಿ ತೋಡಿ ಮಣ್ಣು ನೋಡಿದ ಎಂಜಿನಿಯರ್‌ಗೆ ಬಿಡಿ. ನಗರದ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿಯೂ ಜಿಲ್ಲಾ ನಿರ್ಮಿತಿ ಕೇಂದ್ರದಲ್ಲಿಯೂ ಈ ಸಲಹೆ ಕೇಳಬಹುದು.

ಕಟ್ಟಿದ ಮೇಲಿನ ಕಾಳಜಿಯೂ ಅಷ್ಟೇ ಮುಖ್ಯ. ಗೋಡೆಗೆ ತಾಗಿ ಸುತ್ತಲೂ ಮೂರು ನಾಲ್ಕು ಅಡಿ ಅಗಲದ, ಹೊರಕ್ಕೆ ಇಳಿಜಾರಾದ ಕಾಂಕ್ರೀಟ್ ಅಂಚು ಹಾಕಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗದಂತೆ ದೂರ ಹಾಯಿಸಿ. ಈಗಾಗಲೇ ಬಿರುಕು ಬಿಟ್ಟಿರುವ ಮನೆಗಳಿಗೂ ಮೊದಲು ಇದನ್ನೇ ಮಾಡಿಸಿ. ನೀರನ್ನು ತಡೆಯದೆ ಬಿರುಕಿಗೆ ಸಿಮೆಂಟು ಮೆತ್ತಿದರೆ ಮರುವರ್ಷ ಅದು ಮತ್ತೆ ಬಾಯಿಬಿಡುತ್ತದೆ.

ಪ್ರಶ್ನೆ: ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದರೆ ಅಗ್ಗವೆಂದು ಓದಿದ್ದೇವೆ. ಆದರೆ ಮನೆ ಪಡೆಯುವವರು, "ನಮಗೆ ಮಾತ್ರ ಮಣ್ಣಿನ ಮನೆ ಯಾಕೆ, ಮೌಲ್ಡ್ ಮನೆಯೇ (ಕಾಂಕ್ರೀಟ್ ಚಾವಣಿಯದೇ) ಬೇಕು" ಎನ್ನುತ್ತಾರೆ. ಏನು ಮಾಡುವುದು? (ಸ್ತ್ರೀಶಕ್ತಿ ಸಂಘದ ಸದಸ್ಯೆ, ಚಳ್ಳಕೆರೆ)

ಉತ್ತರ: ಅವರ ಮಾತಿನಲ್ಲಿ ನ್ಯಾಯವಿದೆ. ಊರಿನ ಉಳ್ಳವರೆಲ್ಲ ಕಾಂಕ್ರೀಟಿಗೆ ಹೋದ ಮೇಲೆ ಬಡವರಿಗೆ ಮಾತ್ರ ಮಣ್ಣಿನ ಗುಣಗಾನ ಮಾಡಿದರೆ ಅವರಿಗೆ ನೋವಾಗುವುದು ಸಹಜ. ಗೋಡೆಯ ವಿಷಯವನ್ನೂ ಚಾವಣಿಯ ವಿಷಯವನ್ನೂ ಬೇರೆ ಮಾಡಿ ಮಾತನಾಡಿ. ಹಳ್ಳಿಗರಿಗೆ ಅಸ್ತ್ರ ಒಲೆಯಿಂದ ಪರಿಚಿತವಾದ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ತಂಡವು ಕೈಯಂತ್ರದಲ್ಲಿ ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಮಣ್ಣಿಗೆ ಶೇ 6ರಿಂದ 8ರಷ್ಟು ಸಿಮೆಂಟು ಬೆರೆಸಿ ಒತ್ತುವ ಈ ಇಟ್ಟಿಗೆಗೆ ಗೂಡು ಬೇಡ, ಸೌದೆ ಬೇಡ. ಇದರ ಗೋಡೆ ಮಳೆಗೆ ಕರಗುವುದಿಲ್ಲ. ಬೆಂಗಳೂರಿನಲ್ಲಿ ಅನುಕೂಲಸ್ಥರೇ ಇದರಲ್ಲಿ ಮನೆ ಕಟ್ಟಿಸಿಕೊಂಡಿದ್ದಾರೆ. ಇಟ್ಟಿಗೆ ಒತ್ತುವುದು ಮತ್ತು ಒದ್ದೆ ಹುಲ್ಲಿನಡಿ ಎರಡು ಮೂರು ವಾರ ನೀರುಣಿಸುವುದು ಸ್ವಯಂಸೇವಕರು ನಿಜವಾಗಿ ಚೆನ್ನಾಗಿ ಮಾಡಬಲ್ಲ ಕೆಲಸ.

ಮಣ್ಣಿನ ಆಯ್ಕೆಯಲ್ಲಿ ಮಾತ್ರ ಎಚ್ಚರವಿರಲಿ. ಎರೆ ಮಣ್ಣು ಇದಕ್ಕೆ ಆಗದು; ಮರಳಿನ ಅಂಶ ಹೆಚ್ಚಿರುವ ಕೆಂಪು ಮಣ್ಣು ಬೇಕು, ಅದು ನಿಮ್ಮ ತಾಲ್ಲೂಕಿನಲ್ಲಿ ಧಾರಾಳವಾಗಿದೆ. ಗಾಜಿನ ಬಾಟಲಿಯಲ್ಲಿ ಮಣ್ಣು ಮತ್ತು ನೀರನ್ನು ಕುಲುಕಿ ಒಂದು ದಿನ ಇಟ್ಟರೆ ಮರಳು ಕೆಳಗೂ ಜೇಡಿ ಮೇಲಕ್ಕೂ ಪದರಗಟ್ಟುತ್ತವೆ. ಮರಳು ಮೂರನೆಯ ಎರಡು ಭಾಗದಷ್ಟಿದ್ದರೆ ಒಳ್ಳೆಯದು, ಕಡಿಮೆಯಿದ್ದರೆ ಎಂ-ಸ್ಯಾಂಡ್ ಬೆರೆಸಬಹುದು. ಚಾವಣಿಗೆ ಅವರು ಬಯಸುವ ಮೌಲ್ಡನ್ನೇ ಹಾಕಿ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಬಹಳವಾಗಿ ಬಳಸಿದಂತೆ, ಸ್ಲ್ಯಾಬಿನ ಕೆಳಭಾಗದಲ್ಲಿ ಕಂಬಿಗಳ ನಡುವೆ ಮಂಗಳೂರು ಹೆಂಚುಗಳನ್ನು ಜೋಡಿಸಿದರೆ ಕಾಂಕ್ರೀಟ್ ಉಳಿಯುತ್ತದೆ, ಬೇಸಿಗೆಯ ಝಳವೂ ಕಡಿಮೆಯಾಗುತ್ತದೆ. ಹಳೆಯ ಮಾಳಿಗೆ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಮಲಗಿದವರಿಗೆ ತಂಪು ಎಂದರೇನೆಂದು ನಾವು ಹೇಳಿಕೊಡಬೇಕಾಗಿಲ್ಲ. ಇಷ್ಟು ವಿವರಿಸಿದ ಮೇಲೂ ಅವರು ಸುಟ್ಟ ಇಟ್ಟಿಗೆಯನ್ನೇ ಬಯಸಿದರೆ, ಅದರಲ್ಲಿಯೇ ಕಟ್ಟಿ.

ಪ್ರಶ್ನೆ: ನಾವು ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು. ಏಳು ದಿನದ ವಿಶೇಷ ಶಿಬಿರದಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೇಗೆ ನೆರವಾಗಬಹುದು? (ಪದವಿ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಮೌಲ್ಡ್ ಹಾಕಿದ ಮರುದಿನ ನಿಮ್ಮ ಶಿಬಿರ ಆರಂಭವಾಗುವಂತೆ ಹೊಂದಿಸಿಕೊಳ್ಳಿ. ಸೆಂಟ್ರಿಂಗ್ ಬಿಚ್ಚುವವರೆಗೆ ಮೇಸ್ತ್ರಿ ಬರುವುದಿಲ್ಲ, ಮನೆಯವರು ಕೂಲಿಗೆ ಹೋಗುತ್ತಾರೆ, ಹಸಿ ಕಾಂಕ್ರೀಟ್ ಬಿಸಿಲಿನಲ್ಲಿ ಒಣಗುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456ರ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ (ನೀರುಣಿಸಿ ಒದ್ದೆಯಾಗಿಡುವುದು) ಬೇಕು. ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸಿ, ಗೋಡೆಗಳಿಗೆ ಒದ್ದೆ ಗೋಣಿಚೀಲ ಹೊದಿಸಿ, ಉಳಿದ ದಿನಗಳ ಪಾಳಿಯನ್ನು ಊರವರಿಗೆ ವಹಿಸಿ ಬನ್ನಿ. ಕಾಂಕ್ರೀಟ್ ಕಲಸುವ ದಿನವೂ ನಿಮ್ಮಲ್ಲಿ ಕೆಲವರು ಅಲ್ಲಿದ್ದರೆ, ಎಂ-20 ಎಂಬ ದರ್ಜೆಯ ಕಾಂಕ್ರೀಟ್ ಮಿಶ್ರಣಕ್ಕೆ 50 ಕೆ.ಜಿ. ಸಿಮೆಂಟಿಗೆ 30 ಲೀಟರಿಗಿಂತ ಹೆಚ್ಚು ನೀರು ಬೀಳದಂತೆ ಬಕೆಟ್ ಅಳತೆಯಲ್ಲಿ ನೋಡಿಕೊಳ್ಳಿ. ಕಲಸಲು ಸುಲಭವೆಂದು ಹೆಚ್ಚು ನೀರು ಸುರಿಯುವುದು ಸಣ್ಣ ಮನೆಗಳ ದೊಡ್ಡ ಶತ್ರು. ಹದಿನೆಂಟು ತುಂಬದವರನ್ನು ಕೆಲಸದ ಜಾಗಕ್ಕೆ ಕರೆತರಬೇಡಿ, ಸೆಂಟ್ರಿಂಗ್ ಬಿಚ್ಚುವಾಗ ಯಾರೂ ಅದರ ಕೆಳಗೆ ನಿಲ್ಲಬೇಡಿ.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಸರ್ಕಾರದ ಅನುದಾನ ಸಿಕ್ಕಿರುವ ಕೆಲವರ ಮನೆಗಳು ಅರ್ಧಕ್ಕೆ ನಿಂತಿವೆ. ಸ್ವಯಂಸೇವಕರು ಸೇರಿ ಇವನ್ನು ಮುಗಿಸಿಕೊಡಬಹುದೇ, ಅಥವಾ ಹೊಸ ಮನೆ ಕಟ್ಟುವುದು ಮೇಲೇ? (ಗ್ರಾಮ ಪಂಚಾಯಿತಿ ಸದಸ್ಯರು, ಹೊಸದುರ್ಗ ತಾಲ್ಲೂಕು)

ಉತ್ತರ: ನಿಂತ ಮನೆಗಳನ್ನು ಮೊದಲು ಮುಗಿಸಿ. ಒಂದು ಹೊಸ ಮನೆಗೆ ಬೇಕಾಗುವ ಹಣದಲ್ಲಿ ನಿಂತುಹೋದ ಎರಡು ಮೂರು ಮನೆಗಳಿಗೆ ಚಾವಣಿ ಬರುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಗೆ ನಿಗದಿಯಾದ ನೆರವು ₹1.20 ಲಕ್ಷ, ಮನೆಯ ವಿಸ್ತೀರ್ಣ ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್, ಎಂದರೆ ಸುಮಾರು 270 ಚದರ ಅಡಿ. ಈ ಹಣ ಕೆಲಸದ ಹಂತ ಮುಗಿದು, ಜಿಪಿಎಸ್ ಫೋಟೋ ಸೇರಿದ ಮೇಲೆ ಕಂತುಗಳಲ್ಲಿ ಬರುತ್ತದೆ. ಎಂದರೆ ಹಂತ ಮುಗಿಸಲು ಕೈಯಲ್ಲಿ ಹಣವಿದ್ದವನಿಗೆ ಮುಂದಿನ ಕಂತು, ಇಲ್ಲದವನಿಗೆ ಬಡ್ಡಿ ಸಾಲ. ಊರಿನವರು ಒಂದು ಸುತ್ತುನಿಧಿ ಮಾಡಿ, ಲಿಂಟಲ್‌ನಿಂದ ಚಾವಣಿಯವರೆಗಿನ ಹಣವನ್ನು ಬಡ್ಡಿಯಿಲ್ಲದೆ ಕೊಟ್ಟು, ಕಂತು ಬಂದಾಗ ಹಿಂಪಡೆದು ಮುಂದಿನ ಮನೆಗೆ ಕೊಡುವುದಾದರೆ, ಅದರಷ್ಟು ದೊಡ್ಡ ನೆರವು ಬೇರೊಂದಿಲ್ಲ.

ಎರಡು ಎಚ್ಚರಿಕೆಗಳು. ಕಾರ್ಯಾದೇಶ ಕೈಸೇರಿ ಖಾಲಿ ಜಾಗದ ಫೋಟೋ ಆಗುವ ಮುನ್ನ ಉತ್ಸಾಹದಿಂದ ಪಾಯ ತೋಡಿಬಿಟ್ಟರೆ ಅನುದಾನಕ್ಕೇ ಅಡ್ಡಿಯಾಗುತ್ತದೆ. ಇದೇ ಯೋಜನೆಯಲ್ಲಿ ಉದ್ಯೋಗ ಖಾತರಿಯ 90 ಮಾನವ ದಿನಗಳ ಕೂಲಿಯನ್ನೂ ಜೋಡಿಸಲಾಗಿತ್ತು. ತಮ್ಮ ಮನೆಗೆ ತಾವೇ ದುಡಿದು ಆ ಕುಟುಂಬ ಪಡೆಯಬೇಕಾದ ಹಣ ಅದು. ಸ್ವಯಂಸೇವಕರು ಆ ಕೆಲಸವನ್ನೇ ಉಚಿತವಾಗಿ ಮಾಡಿ ಮುಗಿಸಿದರೆ ಅವರ ಕೂಲಿಯನ್ನು ಕಸಿದಂತಾಗುತ್ತದೆ. ಈಗ ಅನ್ವಯಿಸುವ ಮೊತ್ತ ಮತ್ತು ದಿನಗಳನ್ನು ನಿಮ್ಮ ಅಭಿವೃದ್ಧಿ ಅಧಿಕಾರಿಯಿಂದ ಲಿಖಿತವಾಗಿ ಪಡೆದೇ ಕೆಲಸ ಹಂಚಿಕೊಳ್ಳಿ.

ಪ್ರಶ್ನೆ: ಹೊರದೇಶದಲ್ಲಿರುವ ನಮ್ಮೂರಿನ ಗೆಳೆಯರು ಹಣ ಕಳುಹಿಸುತ್ತೇವೆಂದಿದ್ದಾರೆ. ನಮ್ಮ ಸಂಘದ ಖಾತೆಗೆ ಹಾಕಿಸಿಕೊಳ್ಳಬಹುದೇ? (ಓದುಗರು, ಹರಿಹರ)

ಉತ್ತರ: ಅವರು ಇನ್ನೂ ಭಾರತದ ಪಾಸ್‌ಪೋರ್ಟ್ ಹೊಂದಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆಯಾಗುವುದಿಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಅದರಡಿ ನೋಂದಣಿಯಿಲ್ಲದ ಸಂಘ ಆ ಹಣವನ್ನು ಮುಟ್ಟಬಾರದು. ಪಾಸ್‌ಪೋರ್ಟಿನ ಪ್ರತಿಯನ್ನು ಕಡತದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ದಾನಿಗಳು ಮನೆ ಕಟ್ಟಿಕೊಡುತ್ತೇವೆಂದು ತಂದ ನಕ್ಷೆಯಲ್ಲಿ ಮಗ್ಗಕ್ಕೆ ಜಾಗವೇ ಇಲ್ಲ. ಕೊಡುವವರ ಎದುರು ಬೇಡವೆನ್ನುವುದು ಹೇಗೆ ಎಂದು ನಮ್ಮ ಯಜಮಾನರು ಸುಮ್ಮನಿದ್ದಾರೆ. ನಾವು ಕೇಳುವುದು ತಪ್ಪೇ? (ನೇಕಾರ ಗೃಹಿಣಿ, ಮೊಳಕಾಲ್ಮುರು)

ಉತ್ತರ: ಖಂಡಿತ ತಪ್ಪಲ್ಲ, ತಾಯಿ. ಮಗ್ಗವಿಲ್ಲದ ಮನೆಗೆ ಹೋದರೆ ನೀವು ಮಗ್ಗಕ್ಕೆ ಬೇರೆ ಬಾಡಿಗೆ ಕೊಡಬೇಕು, ಇಲ್ಲವೇ ನೇಯ್ಗೆ ಬಿಡಬೇಕು. ದಾನಿಗಳಿಗೆ ಇದು ತಿಳಿದಿರಲಿಕ್ಕಿಲ್ಲ, ಹೇಳಿದರೆ ಒಪ್ಪುವವರೇ ಹೆಚ್ಚು. ಮಾತಿನಲ್ಲಿ ಹೇಳಲು ಸಂಕೋಚವಾದರೆ ಅವರನ್ನು ಈಗಿನ ಮನೆಗೆ ಕರೆದು ಮಗ್ಗ ಓಡುವಾಗ ತೋರಿಸಿ. ಅಡುಗೆಮನೆ ಮತ್ತು ಮಲಗುವ ಕೋಣೆ ಎಂದು ಎರಡು ಭಾಗ ಮಾಡುವ ಬದಲು, ಮಗ್ಗದ ಉದ್ದಕ್ಕೂ ನೇಯುವವರು ಓಡಾಡುವ ಜಾಗಕ್ಕೂ ಸಾಕಾಗುವ ಒಂದು ದೊಡ್ಡ ಕೋಣೆ, ಅದರ ಪಕ್ಕದಲ್ಲಿ ಸಣ್ಣ ಅಡುಗೆಮನೆ ಇರುವಂತೆ ನಕ್ಷೆ ಬದಲಾಯಿಸಿದರೆ ಅದೇ ವಿಸ್ತೀರ್ಣದಲ್ಲಿ ಕೂರಿಸಬಹುದು. ಕುಣಿ ಮಗ್ಗವಾದರೆ ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲೇ ಕುಣಿ ತೋಡಿ, ಅದರ ಗೋಡೆಗೆ ಕಲ್ಲು ಕಟ್ಟಿಸಿ. ಸೀರೆಗೆ ವಿನ್ಯಾಸ ಮೂಡಿಸುವ ಜಕಾರ್ಡ್ ಸಾಧನ ಮಗ್ಗದ ಮೇಲೆ ಇದ್ದರೆ ಅದರ ನೆತ್ತಿಯವರೆಗಿನ ಎತ್ತರ ಅಳೆದು ಲಿಂಟಲ್ ಹಂತಕ್ಕೆ ಮುನ್ನವೇ ಮೇಸ್ತ್ರಿಗೆ ತಿಳಿಸಿ, ಗೋಡೆ ಎದ್ದ ಮೇಲೆ ಅದನ್ನು ಸರಿಪಡಿಸಲಾಗದು. ನೇಯುವವರ ಎಡಗಡೆಯೋ ಬಲಗಡೆಯೋ ಎಲ್ಲಿಂದ ಬೆಳಕು ಬಿದ್ದರೆ ಎಳೆ ಚೆನ್ನಾಗಿ ಕಾಣುತ್ತದೆಂಬುದು ಯಾವ ಎಂಜಿನಿಯರಿಗಿಂತಲೂ ನಿಮಗೇ ಚೆನ್ನಾಗಿ ಗೊತ್ತು. ಕಿಟಕಿಯ ಗುರುತನ್ನು ನೀವೇ ಹಾಕಿಕೊಡಿ.