ಶೇಕಡಾ ಎಪ್ಪತ್ತೈದರ ಕೆಳಗಿನ ಸಾಲು

ರೋಣ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ನಾಲ್ಕು ಪುಟಗಳ ಪತ್ರವನ್ನು ಈ ವಾರ ಮೂರು ಸಲ ಓದಿದೆ. ಮೂರನೆಯ ಸಲ ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಬರೆದವರನ್ನು ತಂಗಿ ಎಂದೇ ಕರೆಯುತ್ತೇನೆ.

ತಂಗಿ ಗದಗಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಾರೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸಂಶೋಧನೆಗೆ ಹೋಗಬೇಕೆಂಬುದು ಅವರ ಆಸೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ. ಶುಲ್ಕ, ಹಾಸ್ಟೆಲ್, ಊಟ ಎಲ್ಲ ಸೇರಿ ವರ್ಷಕ್ಕೆ 60,000 ರೂಪಾಯಿ ಆಗಬಹುದೆಂದು ಅಣ್ಣ ವಿಚಾರಿಸಿಕೊಂಡು ಬಂದಿದ್ದಾನೆ. ಅಷ್ಟರಲ್ಲಿ ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದು 1,60,000 ರೂಪಾಯಿ ವಾರ್ಷಿಕ ಶುಲ್ಕದಲ್ಲಿ ಶೇ. 75ರಷ್ಟನ್ನು ವಿದ್ಯಾರ್ಥಿವೇತನವಾಗಿ ಬಿಟ್ಟುಕೊಡುವುದಾಗಿ ಬರೆದಿದೆ. ಅಪ್ಪನದು ಐದು ಎಕರೆ ಎರೆಹೊಲ. ಹೆಸರು, ಕಡಲೆ ಬೆಳೆಯುತ್ತಾರೆ. ಬೆಂಗಳೂರಿನಲ್ಲಿರುವ ಸೋದರಮಾವ, "ಶೇಕಡಾ ಎಪ್ಪತ್ತೈದು ಅಂದ್ರ ಬಿಟ್ಟಿ ಇದ್ದಂಗ, ಧಾರವಾಡದಾಗ ಏನೈತಿ?" ಎಂದು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದಾರಂತೆ. ಕೊಡುವವರನ್ನು ಬಿಟ್ಟು ಕೊಡದವರ ಬಳಿಗೆ ಹೋಗುವುದು ದಡ್ಡತನವಲ್ಲವೇ ಎಂಬುದು ತಂಗಿಯ ಪ್ರಶ್ನೆ.

ಪೆನ್ಸಿಲ್ ನಿಂತದ್ದು ಮೂರನೆಯ ಪುಟದ ಅಂಚಿನಲ್ಲಿ. ಅಲ್ಲಿ ನೀವು, ಜಾಗ ಸಾಲದೆ ಓರೆಯಾಗಿ, ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: "ಪ್ರತಿ ಸೆಮಿಸ್ಟರ್‌ನಲ್ಲೂ ಎಸ್‌ಜಿಪಿಎ 8.5 ಇರಬೇಕಂತೆ, ಮಾವ ಅದೇನೂ ದೊಡ್ಡದಲ್ಲ ಅಂದರು." ತಂಗಿ, ನಿಮ್ಮ ಪತ್ರವಿರುವುದೇ ಆ ಸಾಲಿನಲ್ಲಿ, ಉಳಿದದ್ದೆಲ್ಲ ಪೀಠಿಕೆ.

ಎಸ್‌ಜಿಪಿಎ ಎಂದರೆ ಒಂದು ಸೆಮಿಸ್ಟರ್‌ನ ಸರಾಸರಿ ಅಂಕ, ಹತ್ತಕ್ಕೆ ಲೆಕ್ಕ. ಪ್ರತಿ ಸೆಮಿಸ್ಟರ್ ಎಂದರೆ ವರ್ಷದ ಸರಾಸರಿಯಲ್ಲ. ಮೊದಲ ಸಲ ಮನೆ ಬಿಟ್ಟು ಹೋದ ಹುಡುಗಿ, ಹೊಸ ಪ್ರಯೋಗಾಲಯ, ಹೊಸ ಪಠ್ಯಕ್ರಮ, ಅದರ ನಡುವೆ ಡೆಂಗಿ ಬಂದು ಹದಿನೈದು ದಿನ ಮಲಗಿದರೆ 8.5 ಇದ್ದದ್ದು 8.3 ಆಗಲು ಎಷ್ಟು ಹೊತ್ತು ಬೇಕು? ಆಗ ಎರಡನೆಯ ವರ್ಷ ಪೂರ್ತಿ ಶುಲ್ಕ ಕಟ್ಟಬೇಕು. ಅಷ್ಟರಲ್ಲಿ ಧಾರವಾಡದ ಸೀಟು ಬೇರೆಯವರ ಪಾಲಾಗಿರುತ್ತದೆ, ಅರ್ಧ ಮುಗಿದ ಎಂ.ಎಸ್ಸಿ. ಬಿಟ್ಟು ಬರುವಂತೆಯೂ ಇಲ್ಲ. ಹಿಂದಕ್ಕೆ ಬರುವ ದಾರಿ ಮುಚ್ಚಿದ ಮೇಲೆಯೇ ಈ ಷರತ್ತು ಕಚ್ಚುವುದು ಎಂಬುದನ್ನು ಗಮನಿಸಿ.

ಈ ಅಂಕಣ ಓದುವವರಿಗೆ ನನ್ನ ಒಂದು ಹಟ ಗೊತ್ತಿದೆ: ಮನೆಯ ದೊಡ್ಡ ಖರ್ಚು ಯಾರಿಗಾಗಿಯೋ ಅವರೇ ಅದರ ಲೆಕ್ಕವನ್ನು ಸ್ವಂತ ಕೈಯಿಂದ ಬರೆಯಬೇಕು. ನೀವು ಬರೆದಿಲ್ಲವಾದ್ದರಿಂದ ನಿಮ್ಮ ಪತ್ರದ ಅಂಕಿಗಳನ್ನೇ ಕೂಡಿಸಿ ನಾನು ಬರೆದೆ. ಬೆಂಗಳೂರಿನಲ್ಲಿ ರಿಯಾಯಿತಿ ಕಳೆದು ಶುಲ್ಕ 40,000, ಹಾಸ್ಟೆಲ್ ಮತ್ತು ಊಟಕ್ಕೆ 1,20,000, ಪರೀಕ್ಷೆ, ಪ್ರಯೋಗಾಲಯ ಇತ್ಯಾದಿಗೆ 25,000. ಒಟ್ಟು ವರ್ಷಕ್ಕೆ 1,85,000. ಎರಡು ವರ್ಷಕ್ಕೆ 3,70,000. ಎರಡನೆಯ ವರ್ಷ ವಿದ್ಯಾರ್ಥಿವೇತನ ತಪ್ಪಿದರೆ 4,90,000. ಧಾರವಾಡದಲ್ಲಿ ಎರಡು ವರ್ಷಕ್ಕೆ 1,20,000. ಬಿಟ್ಟಿ ಎನ್ನಿಸಿಕೊಂಡದ್ದು, ಎಲ್ಲವೂ ಸುಸೂತ್ರವಾಗಿ ನಡೆದರೂ, ಎರಡೂವರೆ ಲಕ್ಷ ಹೆಚ್ಚು.

ಧಾರವಾಡದವರು ಏನೂ ಕೊಡುವುದಿಲ್ಲ ಎಂದೂ ಬರೆದಿದ್ದೀರಿ. ವಿಶ್ವವಿದ್ಯಾಲಯ ಕೊಡದಿರಬಹುದು, ಆದರೆ ರೈತರ ಮಕ್ಕಳಿಗೆಂದು 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ಹುಡುಗಿಯರಿಗೆ ವರ್ಷಕ್ಕೆ 11,000 ರೂಪಾಯಿ ಎಂದು ನಿಗದಿಯಾಗಿದೆ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ಆದರೆ ಆ ಹಣವನ್ನು ಊಟದ ಲೆಕ್ಕಕ್ಕೆ ಹಿಡಿಯಬೇಡಿ. ನಾನು ಧಾರವಾಡದಲ್ಲಿ ಓದುವಾಗ ಜೂನ್ ತಿಂಗಳಿನ ವಿದ್ಯಾರ್ಥಿವೇತನ ಮಾರ್ಚ್‌ನಲ್ಲಿ ಕೈಗೆ ಬಂದಿತ್ತು. ಅಲ್ಲಿಯವರೆಗೆ ನನ್ನನ್ನು ಓದಿಸಿದ್ದು ಖಾನಾವಳಿಯ ಅಜ್ಜಿಯ ಉದ್ರಿ ವಹಿ. ಎಣ್ಣೆ ಹತ್ತಿದ ಆ ಪುಟದಲ್ಲಿ ನನ್ನ ಹೆಸರಿನ ಮುಂದೆ ದಿನಕ್ಕೆರಡು ಗೀಟು ಬೀಳುತ್ತಿದ್ದವು, ಹೆಚ್ಚಿಗೆ ಹಾಕಿಸಿಕೊಂಡ ರೊಟ್ಟಿಗೆ ಒಂದು ಚುಕ್ಕೆ. ಸರ್ಕಾರದ ಹಣ ಬರುತ್ತದೆ, ಆದರೆ ಹಸಿವಿನ ವೇಳೆಗೆ ಬರುವುದಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರು ನೋಡಬೇಕೆಂಬ ಆಸೆಯೂ ತಪ್ಪಲ್ಲ. ಸಿಟ್ಟು ಬಂದದ್ದು ನಿಮ್ಮ ಮಾವನವರ ಮೇಲೆ. ನಿಮ್ಮನ್ನು ಕೇಳದೆ 20,000 ರೂಪಾಯಿ ಮುಂಗಡ ಕಟ್ಟಿ, ನಿಮ್ಮ ಮೂಲ ಅಂಕಪಟ್ಟಿಗಳನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡು, ಮತ್ತೆ ನಿಮಗೆ "ನೀನೇ ನಿರ್ಧಾರ ಮಾಡು" ಎನ್ನುವುದು ಎಂಥ ದೊಡ್ಡತನ? ಅವರು ಸ್ವಂತ ಮಗನಿಗೆ ಈ ಷರತ್ತನ್ನು ದೊಡ್ಡದಲ್ಲ ಎನ್ನುತ್ತಿದ್ದರೇ? ಧಾರವಾಡದಲ್ಲಿ ಏನಿದೆ ಎಂಬ ಪ್ರಶ್ನೆಗೆ ಉತ್ತರವನ್ನೂ ಅವರಿಗೆ ತಲುಪಿಸಿ: 1949ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯವಿದೆ, ಗಣಿತಜ್ಞ ಡಿ. ಸಿ. ಪಾವಟೆಯವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದು ಬೆಳೆಸಿದ ಆವರಣವಿದೆ, ರಸಾಯನಶಾಸ್ತ್ರದವರಿಗೆ ಬೇಕಾಗುವ ವೈಜ್ಞಾನಿಕ ಉಪಕರಣಗಳ ಕೇಂದ್ರವೂ ಅದೇ ಆವರಣದಲ್ಲಿದೆ. ನಿಮ್ಮ ಗುರಿ ಸಂಶೋಧನೆಯಾದರೆ ಮುಂದಿನ ಬಾಗಿಲು ವಿಜ್ಞಾನದವರಿಗೆ ರಾಷ್ಟ್ರಮಟ್ಟದಲ್ಲಿ ನಡೆಯುವ ಸಿಎಸ್‌ಐಆರ್ ನೆಟ್ ಪರೀಕ್ಷೆ. ಅದರಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ವೇತನ, ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಇದೆ, ಆ ಪ್ರಶ್ನೆಪತ್ರಿಕೆ ನೀವು ಎಂ.ಎಸ್ಸಿ. ಎಲ್ಲಿ ಮಾಡಿದಿರಿ ಎಂದು ಕೇಳುವುದಿಲ್ಲ. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಅದರ ತಯಾರಿಗೆ ಮಾಡಿ.

ಮುಂಗಡ ಮುಳುಗಿತು ಎಂದು ಅಂಜುವುದು ಬೇಡ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಮೊದಲೇ ಹಿಂದೆ ಸರಿದರೆ ಗರಿಷ್ಠ 5,000 ರೂಪಾಯಿ ಮಾತ್ರ ಮುರಿದುಕೊಂಡು ಉಳಿದದ್ದನ್ನು ಹಿಂದಿರುಗಿಸಬೇಕು, ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಹಿಡಿದಿಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆ ಹೇಳುತ್ತದೆ. ತಡವಾದಷ್ಟೂ ಮರಳುವ ಪಾಲು ಕಡಿಮೆಯಾಗುತ್ತ ಹೋಗಿ, ಕೊನೆಯ ದಿನ ಕಳೆದು ಒಂದು ತಿಂಗಳು ದಾಟಿದರೆ ಏನೂ ಬರುವುದಿಲ್ಲ.

ಆದ್ದರಿಂದ ಮಾಡಬೇಕಾದದ್ದು ಒಂದೇ. ಅಣ್ಣನನ್ನು ಕರೆದುಕೊಂಡು ಇಂದೇ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹೋಗಿ, ಮಾವನ ಮನೆಯಲ್ಲಿ ಚಹಾ ಕುಡಿದು, ಅಂಕಪಟ್ಟಿಗಳನ್ನು ಎಣಿಸಿಕೊಂಡು, ಮರುದಿನವೇ ಧಾರವಾಡದ ಬಸ್ಸು ಹತ್ತಿ. ಅತ್ತೆ ಊಟಕ್ಕೆ ನಿಲ್ಲಿ ಎಂದರೆ ನಿಲ್ಲಬೇಡಿ.